ಬಳ್ಳಾರಿ ಸೆಕೆಗೆ ಯಾವ ಮೊಲ?

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಮೊಲ ಬೇಕಂತೆ. ಅಂಗಡಿಯವರು ಉದ್ದ ಉಣ್ಣೆಯ ಅಂಗೋರಾ ತಳಿ ತೋರಿಸ್ತಿದ್ದಾರೆ. ಮನೇಲಿ ಎಸಿ ಇಲ್ಲ. ತಗೋಬಹುದಾ?

ಉತ್ತರ 1: ಅಂಗೋರಾ ಬೇಡವೇ ಬೇಡ ಸರ್. 30 ಡಿಗ್ರಿ ದಾಟಿದರೆ ಯಾವ ಮೊಲಕ್ಕೂ ಕಷ್ಟ; ಅದು ಬೆವರೋದಿಲ್ಲ, ಬಿಸಿ ಮುಖ್ಯವಾಗಿ ಕಿವಿಯಿಂದಲೇ ಹೊರಹೋಗಬೇಕು. ಅದರ ಮೇಲೆ ಆ ಉಣ್ಣೆ ಬೇರೆ! ಡಚ್ ತಳಿ ನೋಡಿ: ಗಿಡ್ಡ ಕೂದಲು, ನೆಟ್ಟಗಿನ ಕಿವಿ, ಸುಮಾರು 2–2.5 ಕೆಜಿ.

ಉತ್ತರ 2: ನ್ಯೂಜಿಲೆಂಡ್ ವೈಟ್ ತಳಿ ಕೂಡ ಸಾಧು. ಆದರೆ 4–5 ಕೆಜಿ ತೂಗುತ್ತೆ. ಮಗು ಎತ್ತಿದಾಗ ಮೊಲ ಜೋರಾಗಿ ಒದ್ದರೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು. ನೆಲದಲ್ಲೇ ಕೂತು ಆಡಿಸಲಿ. 8 ವಾರ ತುಂಬದ ಮರಿ ತರಬೇಡಿ. ತಂತಿ ತಳದ ಪಂಜರದಲ್ಲಿ ಪಾದ ಹುಣ್ಣಾಗುತ್ತೆ, ಹಲಗೆ ಹಾಕಿ.

ಉತ್ತರ 3: ಮಧ್ಯಾಹ್ನ ಫ್ರೀಜರ್‌ನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೊಲವನ್ನ ತಣ್ಣೀರಲ್ಲಿ ಮುಳುಗಿಸಬೇಡಿ, ಆಘಾತವಾಗುತ್ತೆ.