ಅಪ್‌ಡೇಟ್: ತಾಮ್ರ–ಉಕ್ಕಿನ ಬೆಸುಗೆಗೆ ಬೆಳ್ಳಿಯ ಕಡ್ಡಿಯೇ ಸರಿ

ತಾಮ್ರದ ಕೊಳವೆಯನ್ನು ಉಕ್ಕಿನ ಫಿಟ್ಟಿಂಗ್‌ಗೆ ಬ್ರೇಜಿಂಗ್ ಮಾಡಲು (ಅಂದರೆ ಎರಡೂ ಲೋಹಗಳನ್ನು ಕರಗಿಸದೆ, ಸಂದಿನಲ್ಲಿ ಬೇರೊಂದು ಲೋಹದ ಕಡ್ಡಿಯನ್ನು ಕರಗಿಸಿ ಬೆಸೆಯಲು) ಯಾವ ಕಡ್ಡಿ ಸರಿ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ನನ್ನ ಬಳಿ ಇದ್ದದ್ದು ರಂಜಕ ಬೆರೆತ ತಾಮ್ರದ ಕಡ್ಡಿ. ತಾಮ್ರಕ್ಕೆ ತಾಮ್ರ ಬೆಸೆಯಲು ಅದು ಬಲು ಸಲೀಸು, ಫ್ಲಕ್ಸ್ (ಲೋಹದ ಮೇಲಿನ ಆಕ್ಸೈಡ್ ಪದರ ತೆಗೆಯುವ ಲೇಪ) ಕೂಡ ಬೇಡ. ಆದರೆ ಉಕ್ಕಿನೊಡನೆ ಸೇರಿದರೆ ಬೆಸುಗೆಯ ಅಂಚಿನಲ್ಲಿ, ಕಬ್ಬಿಣಕ್ಕೆ ರಂಜಕ ಸೇರಿ ಆಗುವ ಐರನ್ ಫಾಸ್ಫೈಡ್‌ನ ಪೆಡಸು ಪದರ ಕಟ್ಟಿ, ಕಂಪನಕ್ಕೆ ಬಿರುಕು ಬಿಡುತ್ತದೆ ಎಂದು ನೀವು ಹೇಳಿದ ಮೇಲೆ ಅದನ್ನು ಬದಿಗಿಟ್ಟೆ.

ಶೇ. 56 ಬೆಳ್ಳಿಯ, ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಇಲ್ಲದ ಕಡ್ಡಿ ತಂದೆ. (ಬೆಲೆ ಮಾತ್ರ ಬೆಂಕಿಗಿಂತ ಹೆಚ್ಚು ಕೈ ಸುಡುತ್ತದೆ.) ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಕರಗುತ್ತದೆ. ಜ್ವಾಲೆಯನ್ನು ಕಡ್ಡಿಗಲ್ಲ, ಲೋಹಕ್ಕೇ ಹಿಡಿದೆ. ಮೊದಲೇ ಹಚ್ಚಿದ್ದ ಫ್ಲಕ್ಸ್ ನೀರಿನಂತೆ ತಿಳಿಯಾದ ಕೂಡಲೇ ಕಡ್ಡಿ ಮುಟ್ಟಿಸಿದರೆ, ಸಂದು ಅದನ್ನು ಸರ್ರನೆ ಒಳಕ್ಕೆಳೆದುಕೊಂಡಿತು. ಉಳಿದ ಫ್ಲಕ್ಸ್ ಬಿಸಿನೀರಿಗೆ ಬಿಟ್ಟುಕೊಂಡಿತು. ಒತ್ತಡದ ಪರೀಕ್ಷೆಯಲ್ಲಿ ಎಲ್ಲಿಯೂ ಸೋರಿಕೆಯಿಲ್ಲ.