ಟೈನ್ ನದಿಯ ಚಿತ್ರ: ನಕ್ಷೆ, ಕಲ್ಲಿದ್ದಲು, ತುಕ್ಕು ಒಂದೇ ಹಲಗೆ ಮೇಲೆ ನಿಲ್ಲೋದು ಹೇಗೆ?

ಮಸಿಕುಂಚ:
ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಟೈನ್ ನದಿ ಬಗ್ಗೆ ಮಿಕ್ಸೆಡ್ ಮೀಡಿಯಾ (ಬೇರೆ ಬೇರೆ ಸಾಮಗ್ರಿ ಸೇರಿಸಿದ) ಕೆಲಸ. 60×40 ಸೆಂ.ಮೀ. ಅಳತೆಯ 6 ಮಿ.ಮೀ. ಪ್ಲೈವುಡ್. ಅಡಿಯಲ್ಲಿ ಹಳೇ ನಕ್ಷೆ, ಮೇಲೆ ಕಲ್ಲಿದ್ದಲ ಪುಡಿ, ತುಕ್ಕಿನ ಕಲೆ. ಅಂಟು ತಾಗಿದ ಕೂಡಲೇ ನಕ್ಷೆಯ ಇಂಕು ಹರಡುತ್ತೆ, ಕಲ್ಲಿದ್ದಲು ಒಣಗಿದ ಮೇಲೂ ಕೈಗೆ ಹತ್ತುತ್ತೆ, ಹಲಗೆ ಸೊಟ್ಟಗಾಗಿದೆ. ಜೊತೆಗೆ 1771ರ ಪ್ರವಾಹ, ದೋಣಿಗಳು, ಸೇತುವೆಗಳು, ಹಡಗುಕಟ್ಟೆ ಎಲ್ಲ ಸೇರಿ ಸಂತೆ ಆಗಿದೆ. ಯಾವುದನ್ನ ಬಿಡಲಿ?

ಹಲಗೆಬಳಪ:
ಹಲಗೆಯ ಮುಂದೆ ಮಾತ್ರ ಜೆಸ್ಸೋ (ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ಅಸ್ತರಿ) ಬಳಿದಿರಬೇಕು. ಅದು ಒಣಗುವಾಗ ಆ ಕಡೆಗೆ ಎಳೆಯುತ್ತೆ. ಹಿಂದೆಯೂ ಅಷ್ಟೇ ಕೋಟು ಬಳಿದು, ಅಂಚುಗಳಿಗೂ ಹಚ್ಚಿ, ಪೂರ್ತಿ ಒಣಗಿದ ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಸ್ವಲ್ಪ ಸೊಟ್ಟ ಇದ್ದರೆ ಸರಿಹೋಗುತ್ತೆ.
ನಿಮ್ಮ ನಕ್ಷೆ ಇಂಕ್‌ಜೆಟ್ ಪ್ರಿಂಟಾಗಿರಬೇಕು, ಅದು ನೀರಿಗೆ ಕರಗುತ್ತೆ. ಲೇಸರ್ ಪ್ರಿಂಟು ಅಥವಾ ಜೆರಾಕ್ಸ್ ತೆಗೆಸಿ, ಅದರ ಟೋನರ್ (ಕಪ್ಪು ಪುಡಿ) ಪ್ಲಾಸ್ಟಿಕ್ಕು. ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ತೆಗೆಸಿ, ಇಲ್ಲದಿದ್ದರೆ ಊರಿನ ಹೆಸರುಗಳು ಉಲ್ಟಾ ಬರುತ್ತವೆ. ಹಲಗೆಗೆ ಆಕ್ರಿಲಿಕ್ ಜೆಲ್ ಹಚ್ಚಿ, ಪ್ರಿಂಟನ್ನು ಬೋರಲು ಒತ್ತಿ, ನಡುವಿಂದ ಅಂಚಿಗೆ ಗಾಳಿ ತಳ್ಳಿ. 24 ಗಂಟೆ ಬಿಟ್ಟು, ಒದ್ದೆ ಸ್ಪಂಜಿನಿಂದ ನೆನೆಸಿ, ಬೆರಳಲ್ಲೇ ಕಾಗದ ಉಜ್ಜಿ ತೆಗೆಯಿರಿ. ಒಣಗಿದಾಗ ಬಿಳಿ ಮಂಜು ಕಂಡರೆ ನಾರು ಉಳಿದಿದೆ ಅಂತ. ಇನ್ನೊಮ್ಮೆ ಉಜ್ಜಿ, ತೆಳ್ಳಗೆ ಮೀಡಿಯಂ (ಬಣ್ಣವಿಲ್ಲದ ಆಕ್ರಿಲಿಕ್ ಅಂಟು) ಬಳಿಯಿರಿ. ಉಗುರು ತಾಗಿಸಿದರೆ ಗೆರೆ ಕಿತ್ತುಹೋಗುತ್ತೆ, ಹುಷಾರು.

ತುಕ್ಕುಬಣ್ಣ:
ಕಲ್ಲಿದ್ದಲಿಗೆ ನೀರು ಹಿಡಿಯೋದಿಲ್ಲ, ಅಂಟು ಕಡಿಮೆಯಾದರೆ ಕಣಗಳು ಉದುರುತ್ತವೆ. ಒದ್ದೆಯಲ್ಲೇ ಕುಟ್ಟಿ, ಆರಿಸಿ, ಮಲ್ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮಾಸ್ಕ್ ಇಲ್ಲದೆ ಬೇಡವೇ ಬೇಡ. 1 ಚಮಚ ಪುಡಿಗೆ ನಾಲ್ಕು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಒದ್ದೆ ಮಾಡಿ, ಆಮೇಲೆ 3 ಚಮಚ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ ಕಲಸಿ. ಒಣಗಿದ ಮೇಲೆ ಬಿಳಿ ಬಟ್ಟೆ ಒರೆಸಿ ನೋಡಿ. ಕಪ್ಪು ಬಂದರೆ ಮೇಲೊಂದು ಕೋಟು ಮೀಡಿಯಂ.
ತುಕ್ಕಿಗೆ: ಸ್ಟೀಲ್ ವೂಲನ್ನು (ಉಕ್ಕಿನ ನಾರು) ಸಾಬೂನಿನಲ್ಲಿ ತೊಳೆದು ವಿನೆಗರ್‌ನಲ್ಲಿ ಎರಡು ದಿನ ನೆನೆಸಿ. ಮುಚ್ಚಳ ಬಿಗಿ ಮಾಡಬೇಡಿ, ಹೈಡ್ರೋಜನ್ ಹೊರಬರುತ್ತೆ. ಆ ನೀರನ್ನು ಬಳಿದರೆ ಒಣಗುತ್ತಾ ತುಕ್ಕಿನ ಕಲೆಯಾಗುತ್ತೆ. ಉಪ್ಪು ಹಾಕಿದರೆ ತುಕ್ಕು ಬೇಗ ಬರುತ್ತೆ ನಿಜ, ಆದರೆ ಅದು ತೇವ ಎಳೆದು ಆಮೇಲೂ ಕಲೆ ಹರಡಿಸುತ್ತೆ. ಇನ್ನೊಂದು ಚಂದದ ಆಟ: ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಇದೇ ನೀರು ಚಿಮುಕಿಸಿ. ಕಂದು ಕಾಗದ ನೋಡನೋಡುತ್ತಲೇ ಬೂದುಗಪ್ಪಾಗುತ್ತೆ. ಟೈನ್ ನೀರಿಗೆ ಆ ಬಣ್ಣ ಹೇಳಿ ಮಾಡಿಸಿದ ಹಾಗಿರುತ್ತೆ.

ನದಿದಂಡೆ:
ಏನು ಬಿಡಲಿ ಅಂತ ಕೇಳಿದಿರಿ. ನಾನಾದರೆ ಹಡಗುಕಟ್ಟೆ ಬಿಡುತ್ತೇನೆ. ಸೇತುವೆಯನ್ನೇ ಚಿತ್ರದ ನಡುಗೆರೆ ಮಾಡಿ. 1771ರ ನವೆಂಬರ್ 17ರ ಪ್ರವಾಹದಲ್ಲಿ ಹಳೇ ಸೇತುವೆಯ ಕಮಾನುಗಳು ಮೇಲಿದ್ದ ಮನೆ-ಅಂಗಡಿ ಸಮೇತ ಕುಸಿದವು. 1781ರಲ್ಲಿ ಹೊಸದು ಬಂತಾದರೂ ಕಮಾನು ತಗ್ಗು, ದೊಡ್ಡ ಹಡಗು ಮೇಲಕ್ಕೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಮೇಲ್ಗಡೆಯಿಂದ ಸುಮಾರು 21 ಟನ್ ಕಲ್ಲಿದ್ದಲು ಹೊರುವ ಕೀಲ್ ಎಂಬ ಚಪ್ಪಟೆ ತಳದ ದೋಣಿಗಳು ಕೆಳಗಿನ ಹಡಗುಗಳಿಗೆ ಮಾಲು ಸಾಗಿಸುತ್ತಿದ್ದವು. 1876ರಲ್ಲಿ ಅದೇ ಜಾಗದಲ್ಲಿ ತಿರುಗುವ ಸೇತುವೆ ಬಂದು ದಾರಿ ಬಿಟ್ಟುಕೊಟ್ಟಿತು.
ಎಡಕ್ಕೆ ಪುಟ್ಟ ದೋಣಿಗಳು, ಬಲಕ್ಕೆ ಕಲ್ಲಿದ್ದಲು. ಮಾಲು ಇಳಿಸಿ ವಾಪಸ್ ಬರುವ ಹಡಗುಗಳು ತೂಕಕ್ಕೆ ಮರಳು-ಜಲ್ಲಿ ತುಂಬಿಕೊಂಡು ಬಂದು ದಂಡೆಯಲ್ಲಿ ಸುರಿದು, ಅದೇ ದಿಬ್ಬಗಳಾದವು. ಆದ್ದರಿಂದ ದಂಡೆಗೆ ನಿಜವಾದ ಮರಳೇ ಹಾಕಿ: ತೊಳೆದು ಒಣಗಿಸಿದ ಮರಳು 1 ಪಾಲು, ಹೆವಿ (ಗಟ್ಟಿ) ಜೆಲ್ 2 ಪಾಲು, 3 ಮಿ.ಮೀ.ಗಿಂತ ದಪ್ಪ ಬೇಡ, ಬಿರುಕು ಬಿಡುತ್ತೆ.

ಮಸಿಕುಂಚ:
ಮರಳಿನ ವಿಷಯ ಹೊಳೆದೇ ಇರಲಿಲ್ಲ. ತುಕ್ಕಿನ ಕಾಗದವನ್ನು ಫೆವಿಕಾಲ್‌ನಲ್ಲಿ ಅಂಟಿಸಬಹುದಾ?

ತುಕ್ಕುಬಣ್ಣ:
ಬೇಡ, ಮೇಲೆ ಒದ್ದೆ ಕೆಲಸ ಮಾಡಿದರೆ ಅದು ಮತ್ತೆ ಮೆತ್ತಗಾಗುತ್ತೆ. ಮ್ಯಾಟ್ ಮೀಡಿಯಂನಲ್ಲೇ ಅಂಟಿಸಿ. ಅದಕ್ಕೂ ಮೊದಲು ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಕಾಗದಕ್ಕೆ ಸಿಂಪಡಿಸಿ, ಹುಳಿ ಉಳಿದರೆ ಕಾಗದ ಪುಡಿಯಾಗುತ್ತೆ. ಆಮೇಲೆ ಬರೀ ನೀರಲ್ಲಿ ಒಮ್ಮೆ ತೊಳೆದು, ಒಣಗಿಸಿ, ಎರಡೂ ಕಡೆ ಮೀಡಿಯಂ ಬಳಿಯಿರಿ. ತುಂಡಿನಲ್ಲಿ ಮೊದಲು ಪರೀಕ್ಷೆ ಮಾಡಿ, ಸೋಡಾ ತಾಗಿದರೆ ಬಣ್ಣ ಸ್ವಲ್ಪ ಬದಲಾಗುತ್ತೆ.