ತತ್ತಿ, ಎತ್ತು, ಆಲಮಟ್ಟಿ: ನಮ್ಮ ಮನಿ ಗುಂಪಿನ ಜಗಳ

ನಮ್ಮ ಮನಿ ವಾಟ್ಸಾಪ್ ಗುಂಪಿನಲ್ಲಿ ಪೇಪರ್ ಕಟಿಂಗ್ ಹಾಕಿದವರು ಶಿವಪ್ಪ ಕಾಕಾ. ನಮ್ಮ ಭಾಗದ ಶಾಸಕರೊಬ್ಬರು ಸನ್ಮಾನ ಸಮಾರಂಭದಲ್ಲಿ ಆಡಿದ ಮಾತು: ಶಾಲೆಯಲ್ಲಿ ತತ್ತಿ (ಮೊಟ್ಟೆ) ಕೊಡುವುದು ಬಂದ್ ಆಗಬೇಕು, ಗೋಹತ್ಯೆ ನಿಷೇಧ ಕಾಯ್ದೆ ಮುಟ್ಟಬಾರದು, ಗ್ಯಾರಂಟಿ ದುಡ್ಡು ನೀರಾವರಿಗೆ ಹೋಗಬೇಕು, ಆಲಮಟ್ಟಿ ಅಣೆಕಟ್ಟು ಎತ್ತರಿಸಬೇಕು. ಸಾಹೇಬರ ಹೆಸರು ಇಲ್ಲಿ ಬೇಡ, ಮನಿ ಮಾತು ಮುಖ್ಯ.

ಶಿವಪ್ಪ ಕಾಕಾ: ಹೇಳಿದ್ರ ಹಿಂಗ ಹೇಳಬೇಕು. ಓಟಿನ ಸಲುವಾಗಿ ಬಾಯಿ ಮುಚ್ಕೊಂಡು ಕುಂದ್ರೂ ಮನಷ್ಯಾ ಅಲ್ಲ 🙏🙏

ಪ್ರವೀಣ: ಕಾಕಾ, ತತ್ತಿ ಸುರು ಮಾಡಿದ್ದು ಯಾರ್ರಿ? 2021ರಾಗ ಬೊಮ್ಮಾಯಿ ಸರಕಾರ. ಬೀದರ, ರಾಯಚೂರ ಕಡಿ ಜಿಲ್ಲಾದ ಜೋಡಿ ವಿಜಯಪುರಾನೂ ಇತ್ತು. ಇವರದ ಪಕ್ಷ. ಆವಾಗ ಸಾಹೇಬ್ರು ಎಲ್ಲಿದ್ರು?

ಶಿವಪ್ಪ ಕಾಕಾ: ಬೆಂಗಳೂರಾಗ ಕುಂತು ನನಗ ಪಕ್ಷ ಕಲಸಬ್ಯಾಡ. ಆವಾಗೂ ಮಠದವರು ಬ್ಯಾಡ ಅಂದಿದ್ರು. ಪಕ್ಷ ತಪ್ಪು ಮಾಡಿದ್ರ ತಪ್ಪು ಅನ್ನಬಾರದೇನು? ಲಿಂಗ ಕಟ್ಟಿಕೊಂಡ ಹುಡುಗನ ಮಗ್ಗಲದಾಗ ತತ್ತಿ ಸುಲಿತಾರ. ಬಾಳೆಹಣ್ಣು, ಚಿಕ್ಕಿ ಎಲ್ಲಾರಿಗೂ ಕೊಡ್ರಿ, ಮುಗೀತು.

ಸವಿತಾ ವೈನಿ: ಮಾವಾರ, ಸಿಟ್ಟಾಗಬ್ಯಾಡ್ರಿ. ಕೊಲ್ಹಾರ ಕಡಿ ನಮ್ಮ ಸಾಲ್ಯಾಗ ತತ್ತಿ ಎಣಿಸಿ ಕೊಡಾಕಿ ನಾನ. ಬ್ಯಾಡ ಅಂದ ಹುಡುಗೂರಿಗೆ ಬಾಳೆಹಣ್ಣು ಐತಿ. ಹುಡುಗೂರು ಜಗಳ ಆಡೂದು ಜಾತಿ ಮ್ಯಾಲಲ್ಲ, ಒಡದ ತತ್ತಿ ಯಾರ ತಾಟಿಗೆ ಬಂತು ಅಂತ. ನನ್ನ ತಕರಾರು ಬ್ಯಾರೇನ ಐತಿ. ಸರಕಾರದ ಲೆಕ್ಕ ಒಂದು ತತ್ತಿಗೆ 6 ರೂಪಾಯಿ. ಕುದಿಸೂ ಗ್ಯಾಸು, ಸುಲಿಯೂ ಅಡಗಿ ಅಕ್ಕಗೋಳ ಪೈಸೆ ಎಲ್ಲಾ ಅದರಾಗ. ಚಳಿಗಾಲದಾಗ ಅಂಗಡ್ಯಾಗ ತತ್ತಿ ರೇಟ್ ಅದನ್ನ ದಾಟಿತಂದ್ರ ಉಳಿದದ್ದು ಹೆಡ್ ಮಾಸ್ತರ ಕಿಸೆದಾಗಿಂದ. ಮುಂಚೆ ವಾರಕ್ಕ 2 ದಿನ ಇತ್ತು, ಹೆಂಗರ ನಡೀತಿತ್ತು. 2024ರಾಗ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈ ಜೋಡಿಸಿದ ಮ್ಯಾಲೆ 6 ದಿನ ಆತು. ಸಾಹೇಬ್ರು ಸದನದಾಗ ಎದ್ದು ಈ ರೇಟ್ ಕೇಳಲಿ, ನಾನ ಹಾರ ಹಾಕತೀನಿ.

ನನ್ನ ಪ್ರಕಾರ ಅವತ್ತಿನ ಗಟ್ಟಿ ಮಾತು ಇದು. ಕಾಕಾ ಬಹಳ ಹೊತ್ತು 'ಟೈಪಿಂಗ್' ತೋರಿಸಿ, ಕಡೆಗೆ ಹಾದಿ ಬದಲಿಸಿದರು.

ಶಿವಪ್ಪ ಕಾಕಾ: ತತ್ತಿ ಬಿಡ್ರಿ. ಗೋವಿನ ಕಾಯ್ದ್ಯಾಗ ಏನು ತಪ್ಪೈತಿ, ಅದನ್ನ ಹೇಳ್ರಿ.

ಮಲ್ಲು ಅಣ್ಣ ಬರೆಯುವವನಲ್ಲ. ಬೀಳಗಿಯ ಹೊಲದಿಂದ ಧ್ವನಿ ಸಂದೇಶ ಬಂತು, ಹಿಂದೆ ಪಂಪಿನ ಸದ್ದು.

ಮಲ್ಲು ಅಣ್ಣ: ಕಾಕಾ, ಆಕಳಾ ನನಗೂ ದೇವ್ರು. ನಾ ಹೇಳೂದು ಎತ್ತಿನ ಮಾತು. 1964ರ ಕಾಯ್ದ್ಯಾಗ 12 ವರ್ಷ ದಾಟಿದ ಎತ್ತಿಗೆ ಸರ್ಟಿಫಿಕೇಟ್ ಸಿಗತಿತ್ತು, ಕಟುಕರು ತಗೋತಿದ್ರು. 2020ರ ಕಾಯ್ದ್ಯಾಗ 13 ದಾಟಿದ ಎಮ್ಮಿ, ಕ್ವಾಣ ಅಷ್ಟ. ಎತ್ತು ಕೊಯ್ದು ಸಿಕ್ಕೊಂಡ್ರ 3ರಿಂದ 7 ವರ್ಷ ಜೈಲು, ದಂಡ 50 ಸಾವಿರದಿಂದ ಮ್ಯಾಲೆ. ಯಾರು ಹತ್ರ ಬರತಾರ? ಸಂತ್ಯಾಗ ಹರೇದ ಖಿಲಾರಿ ಜೋಡಿ ಇದ್ರ ಟವೆಲ್ ಕೆಳಗ ಬಟ್ಟು ಹಿಡದು ರೇಟ್ ಮಾಡತಾರ. ನನ್ನ ಮುದಿ ಎತ್ತಿಂದು ಬಾಯಿ ತಗದು ಹಲ್ಲು ನೋಡಿದವರು ಟವೆಲ್ ಹೆಗಲಿಗೆ ಹಾಕ್ಕೊಂಡು ಮುಂದ ಹೋದ್ರು.

ಶಿವಪ್ಪ ಕಾಕಾ: ಹೆಗಲ ಹರಕೊಂಡು ದುಡದ ಎತ್ತದು. ಕಡೀಕ ಅದಕ್ಕ ಒಂದು ಸಿವುಡು ಕಣಕಿ ಹಾಕಾಕ ಆಗದಿದ್ರ ರೈತ ಅಂತ ಯಾಕ ಅನಿಸ್ಕೊಬೇಕು?

ಮಲ್ಲು ಅಣ್ಣ: ಹಾಕತೀನ್ರಿ, ಈಗೂ ಹಾಕ್ಲಿಕ್ಕತ್ತೀನಿ. ಹೊಸಾ ಜೋಡಿ ತರೂ ರೊಕ್ಕ ಎಲ್ಲಿಂದು? ಅದಕ್ಕ ಟ್ರ್ಯಾಕ್ಟರ್ ಬಾಡಿಗಿ ಹಿಡದೀನಿ. ಇನ್ನ ಮುಂದ ನಮ್ಮ ದನದ ಹಕ್ಯಾಗ ಎತ್ತ ಇರಂಗಿಲ್ಲ.

ಇಲ್ಲಿ ಕಾಕಾರ ಮಾತೂ ಸುಳ್ಳಲ್ಲ, ಅಣ್ಣನದೂ ಸುಳ್ಳಲ್ಲ. ಸಾಹೇಬರ ಭಾಷಣದಲ್ಲಿ ಮಾತ್ರ ಮುದಿ ಎತ್ತಿನ ಮೇವಿಗೆ ಒಂದು ಪೈಸೆಯ ಪ್ರಸ್ತಾಪವಿಲ್ಲ.

ಶಿವಪ್ಪ ಕಾಕಾ: ಅದಕ್ಕ ಅವರು ಹೇಳೂದು, ಗ್ಯಾರಂಟಿ ಬಂದ್ ಮಾಡಿ ರೈತಗ ಕೊಡ್ರಿ ಅಂತ.

ಕಾಕಿ: ಗೃಹಲಕ್ಷ್ಮಿ 2,000ದಾಗ ನಿಮ್ಮ ಬಿಪಿ ಗುಳಗಿ ಬರತಾವ. ಬಂದ್ ಮಾಡಸ್ರಿ.

ಗ್ಯಾರಂಟಿ ಚರ್ಚೆ ಅಲ್ಲಿಗೇ ಮುಗಿಯಿತು.

ಆಲಮಟ್ಟಿ ವಿಷಯದಲ್ಲಿ ಎಲ್ಲರೂ ಒಂದೇ. 519.60 ಮೀಟರಿನಿಂದ 524.256ಕ್ಕೆ ಏರಲಿ, ಯಾರೂ ಬೇಡ ಅನ್ನುವುದಿಲ್ಲ. ಜಗಳ ಇರುವುದು, ಅದನ್ನು ಇಷ್ಟು ದಿನ ತಡೆದವರು ಯಾರು ಎಂಬುದಕ್ಕೆ.

ಪ್ರವೀಣ: ಕೃಷ್ಣಾ ನೀರಿನ ನ್ಯಾಯಾಧಿಕರಣದ ತೀರ್ಪು 2010ರಾಗ ಬಂದೈತಿ. ಕೇಂದ್ರ ಇನ್ನೂ ಗೆಜೆಟ್‌ನಾಗ ಹಾಕಿಲ್ಲ. ಸಾಂಗ್ಲಿ, ಕೊಲ್ಹಾಪುರಕ್ಕ ಮಹಾಪೂರ ಬರತೈತಿ ಅಂತ ಮಹಾರಾಷ್ಟ್ರದವರ ತಕರಾರು. ಎರಡೂ ಕಡಿ ಯಾರ ಸರಕಾರ ಐತಿ, ಕಾಕಾ?

ಶಿವಪ್ಪ ಕಾಕಾ: 2011ರಾಗ ಗೆಜೆಟ್ ತಡದದ್ದು ಸುಪ್ರೀಂ ಕೋರ್ಟು, ಕೇಂದ್ರ ಅಲ್ಲ. 2025ರ ಸೆಪ್ಟೆಂಬರ್‌ನಾಗ ಇಲ್ಲಿ ಸಂಪುಟದವರು ಮುಳಗೂ ಹೊಲದ ಪರಿಹಾರ ಎಕರೆಕ್ಕ ನೀರಾವರಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂದ್ರಲ್ಲ, 75 ಸಾವಿರ ಎಕರೆ ಮುಳುಗತೈತಿ, ರೊಕ್ಕ ಎಲ್ಲಿಂದ ತರತಾರ? ಅದನ್ನ ಕೇಳು.

ಮಲ್ಲು ಅಣ್ಣ: ಇಬ್ರೂ ಸುಮ್ನಿರ್ರಿ. ಮುಳಗೂದು ನನ್ನ ಹೊಲ. ಹಿನ್ನೀರಿನ ಕಲ್ಲು ನಟ್ಟ ಹೊಲಕ್ಕ ಬ್ಯಾಂಕಿನವರು ಸಾಲಾ ಕೊಡಂಗಿಲ್ಲ, ಬಾವಿ ತೋಡಬೇಕೋ ಬ್ಯಾಡೋ ತಿಳಿಯಂಗಿಲ್ಲ. ಕಾಕಾ, ಸೋಮವಾರ ನೀವು ಸಾಹೇಬ್ರ ಮನಿಗೆ ಹೊಂಟೀರಲ್ಲ, ನನ್ನ ಸರ್ವೆ ನಂಬರ್ ಯಾವ ಕಂತಿನಾಗ ಬರತೈತಿ ಅಂತ ಕೇಳ್ರಿ.

ಸವಿತಾ ವೈನಿ: ತತ್ತಿ ರೇಟೂ ಕೇಳ್ರಿ ಮಾವಾರ.

ಶಿವಪ್ಪ ಕಾಕಾ: ಮಲ್ಲು, ಒಂದು ಹಾಳ್ಯಾಗ ಬರದು ಫೋಟೋ ಕಳಸು. ಸವಿತಾ, ನೀ ಬ್ಯಾರೆ ಹಾಳ್ಯಾಗ ಬರಿ.